ಮಾತಾಡುವಷ್ಟು ಉಸಿರು

ಮಂಡಿಯ ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ಅಂದರು:
ಇನ್ನು ಓಡುವಂತಿಲ್ಲ. ಬೇಕಿದ್ದರೆ ಈಜಿ.
ಇಪ್ಪತ್ತೆರಡು ವರ್ಷ ಗೋಣಿಕೊಪ್ಪದ ಮೈದಾನದಲ್ಲಿ
ಸೀಟಿ ಊದಿದ ಬಾಯಿ ನನ್ನದು; ಏನೂ ಅನ್ನಲಿಲ್ಲ.

ಹಾಗಾಗಿ ಈಗ ಬೆಳಿಗ್ಗೆ ಏಳಕ್ಕೆ
ಅಮ್ಮತ್ತಿಯ ಆಚೆ, ತೋಟದ ಕೆರೆಯ ಮೆಟ್ಟಿಲ ಮೇಲೆ
ಹಳೆಯ ಹಾಕಿ ಜೆರ್ಸಿ ತೊಟ್ಟು ನಿಂತಿದ್ದೇನೆ,
ಐವತ್ತಮೂರರ ಹೆಂಗಸು, ಬೆನ್ನ ಮೇಲೆ ಇನ್ನೂ ನಾಲ್ಕನೇ ನಂಬರು.
ಮಾರ್ಚ್ ತಿಂಗಳು. ಪಂಪು ರಾತ್ರಿಯಿಡೀ ನೀರೆಳೆದು
ಕಾಫಿ ಗಿಡಗಳಿಗೆ ಸುಳ್ಳು ಮಳೆ ಸುರಿಸಿದೆ.
ದಡದ ಕೆಸರಲ್ಲಿ ತಟ್ಟೆಯಗಲದ ಹೆಜ್ಜೆಗಳು:
ಆನೆಗಳು ನಮಗಿಂತ ಮೊದಲೇ ಮಿಂದು ಹೋಗಿವೆ.
"ಅವೇ ತೇಲ್ತವೆ ಮೇಡಂ, ನೀವ್ಯಾವ ಲೆಕ್ಕ,"
ಅನ್ನುತ್ತಾಳೆ ಸಫ್ನಾ, ಎದೆಮಟ್ಟದ ನೀರಲ್ಲಿ ನಿಂತು.

ಮೊದಲ ದಿನ ನೀರಿನ ಮೇಲೆ ನುಗ್ಗಿದೆ,
ಡಿ ಒಳಗೆ ಚೆಂಡು ಬಂದಾಗ ನುಗ್ಗುತ್ತಿದ್ದ ಹಾಗೆ.
ಕೈ ಬೀಸಿದೆ, ಕಾಲು ಬಡಿದೆ, ಹಲ್ಲು ಕಚ್ಚಿದೆ.
ನೀರು ತಡೆಯಲೂ ಇಲ್ಲ, ತಪ್ಪಿಸಿಕೊಳ್ಳಲೂ ಇಲ್ಲ,
ಒಂದು ಗುಟುಕಾಗಿ ಸುಮ್ಮನೆ ಒಳಗೆ ಬಂತು.
ಐದು ಮಾರು ದೂರ. ಆಮೇಲೆ ಕೆಮ್ಮು,
ಮೂಗಿನ ತುಂಬ ಪಾಚಿಯ ವಾಸನೆ.

ಸಫ್ನಾ ನಗಲಿಲ್ಲ.
"ಉಸಿರು ಯಾರಿಗೆ ಅಂತ ಕೂಡಿಡ್ತೀರಿ?
ನೀರೊಳಗೆ ಬಿಡಿ. ಅನ್ನ ಕುದಿಯೋ ಹಾಗೆ, ಸಣ್ಣ ಉರೀಲಿ.
ಆಚೆ ದಡ ನೋಡ್ಬೇಡಿ.
ಈಚೆ ಬಂದಾಗ ನಾನೊಂದು ಮಾತು ಕೇಳ್ತೀನಿ.
ಉತ್ತರ ಹೇಳೋವಷ್ಟು ಉಸಿರು ಉಳಿದಿರ್ಬೇಕು. ಅದೇ ವೇಗ."

"ಬೆಳಿಗ್ಗೆ ಏನು ತಿಂದ್ರಿ?"
"ಕಡಂ..."
"ಸಾಲದು. ಇನ್ನೂ ನಿಧಾನ."

ಎರಡನೇ ವಾರ: "ಕಡಂಬುಟ್ಟು."
ಮೂರನೇ ವಾರ: "ಕಡಂಬುಟ್ಟು, ನಿನ್ನೆಯ ಕೋಳಿಸಾರು,
ಸಾರಿಗೆ ಉಪ್ಪು ಒಂಚೂರು ಹೆಚ್ಚಾಗಿತ್ತು."

ಕೈ ಮುಂದೆ ಚಾಚಿ ಅಲ್ಲೇ ಸ್ವಲ್ಪ ಬಿಡುವುದು:
ಇಷ್ಟು ಕಲಿಯಲು ಹನ್ನೊಂದು ದಿನ ಹಿಡಿಯಿತು.
ಚಾಚಿದ ಕೈ ಸುಮ್ಮನಿದ್ದಾಗಲೂ ಮೈ ಮುಂದೆ ಹೋಗುತ್ತದೆ.
ಇದನ್ನು ನನಗೆ ಯಾರೂ ಹೇಳಿರಲಿಲ್ಲ;
ಹೇಳಿದ್ದರೂ ಸೀಟಿಯ ಸದ್ದಲ್ಲಿ ಕೇಳುತ್ತಿರಲಿಲ್ಲ.
ಕಿವಿ ನೀರಿಗೆ ಒರಗಿಸಿ, ಬಾಯಿಯ ಒಂದು ಮೂಲೆ ಮಾತ್ರ ಆಕಾಶಕ್ಕೆ.
ಒಳಗೆ ಹೋಗುವುದು ಕಾಫಿ ಹೂವಿನ ಘಮ,
ಹೊರಗೆ ಬರುವುದು ಬರೀ ಗುಳ್ಳೆ.

ಕೆರೆ ದಿನದಿನಕ್ಕೆ ಇಳಿಯುತ್ತಿದೆ.
ಮೊನ್ನೆ ಆರನೇ ಮೆಟ್ಟಿಲು ಕಂಡಿತು,
ಇಂದು ಏಳನೆಯದು, ಬಸವನಹುಳುಗಳ ಸಮೇತ.
ಅವಸರ ಮಾಡಲು ಒಂದು ಕಾರಣವಿತ್ತು. ಮಾಡಲಿಲ್ಲ.

ಸಫ್ನಾಳ ಬಗ್ಗೆ ಒಂದು ಮಾತು ಹೇಳಬೇಕು.
ಎಂಟನೇ ಕ್ಲಾಸಿನಲ್ಲಿ ನನ್ನ ತಂಡದ ಮೂರನೇ ಗೋಲ್‌ಕೀಪರ್,
ಸ್ಕಾರ್ಫಿನ ಪಿನ್ನು ಸರಿಮಾಡುತ್ತ ಎಲ್ಲರ ಹಿಂದೆ ಬರುತ್ತಿದ್ದವಳು.
ಓಡು! ಅನ್ನುತ್ತಿದ್ದೆ. ಇನ್ನೂ ಐದು ಸುತ್ತು!
ಉಳಿದವರು ಚಾ ಕುಡಿದು ಬಸ್ಸು ಹತ್ತಿದ ಮೇಲೂ
ಗೋಲುಕಂಬದಾಚೆ ಒಂದು ನೆರಳು ಸುತ್ತುತ್ತಲೇ ಇರುತ್ತಿತ್ತು.
ಮರುವರ್ಷ ಬರಲಿಲ್ಲ. ಹೆಸರಿನ ಮೇಲೆ ಗೆರೆ ಎಳೆದೆ.
ಈಜು ಎಲ್ಲಿ ಕಲಿತೆ ಅಂದರೆ
"ಹೊಳೆ ಮನೆಯೊಳಗೆ ಬಂದು ಹೋದ ಮೇಲೆ" ಅಂದು
ಟವೆಲು ಹಿಂಡತೊಡಗುತ್ತಾಳೆ.
ಈಗ ಈ ಕೆರೆಯನ್ನು ನಲವತ್ತು ಸಲ ದಾಟುತ್ತಾಳೆ,
ಅದೇ ನಿಧಾನದಲ್ಲಿ,
ಮಿಂಚುಳ್ಳಿ ಕೂತ ಕೊಂಬೆಯ ನೆರಳೂ ಕಲಕದ ಹಾಗೆ.

ಇವತ್ತು ನಾಲ್ಕನೇ ಸುತ್ತು ಮುಗಿಸಿ ಕಲ್ಲು ಮುಟ್ಟಿದೆ.
ಏದುಸಿರಿಲ್ಲ. ಮಂಡಿ ಇದೆಯೆಂಬುದೇ ಮರೆತಿತ್ತು.
ಮೆಟ್ಟಿಲ ಮೇಲೆ ಕೂತು ಕಾಲಲ್ಲಿ ನೀರು ಕಲಕುತ್ತಿದ್ದವಳು
ತಿಂಡಿಯ ಸುದ್ದಿ ಕೇಳಲಿಲ್ಲ.
"ಆವಾಗೆಲ್ಲ ನನ್ನೊಬ್ಬಳನ್ನೇ ಯಾಕೆ ಓಡಿಸ್ತಿದ್ರಿ, ಮೇಡಂ?"

ಉಸಿರಿತ್ತು.
ಒಂದು ಇಡೀ ವಾಕ್ಯಕ್ಕೆ, ಬೇಕಿದ್ದರೆ ಎರಡಕ್ಕೆ.
ತುಟಿಯ ಮೇಲಿನ ನೀರು ಒರೆಸಿಕೊಂಡೆ.
ದೂರದಲ್ಲಿ ಯಾರೋ ಪಂಪು ನಿಲ್ಲಿಸಿದರು.

"ಇನ್ನೊಂದು ಸುತ್ತು ಹೋಗಿ ಬರ್ತೀನಿ," ಅಂದೆ.

"ನಿಧಾನ," ಅಂದಳು.